ಬೋಟಿಗೆ ಹಾಕಿದ ನಗೆ ಗ್ಯಾಸ್

ಇವತ್ತಾದ್ರೂ ಗಂಭೀರವಾಗಿ ಕೆಲಸ ಮಾಡ್ಬೇಕು ಅಂತ ಶಟರ್ ಎತ್ತಿದ ದಿನವೇ ನನ್ನ ಗ್ಯಾರೇಜಲ್ಲಿ ಏನಾದ್ರೊಂದು ನಡೆದುಹೋಗುತ್ತೆ. ಬಿಟಿಎಂ ಲೇಔಟ್‌ನಲ್ಲಿ ಬೈಕ್ ರಿಪೇರಿ ನನ್ನ ಹೊಟ್ಟೆಪಾಡು. ಮೋಟಾರ್ ಬೋಟಿನ ಎಂಜಿನ್ ರಿಪೇರಿ ನನ್ನ ಹುಚ್ಚು. ಆ ಹುಚ್ಚಿನ ಸುದ್ದಿ ಕೇಳಿಯೇ ಒಬ್ಬ ಪಿಜಿ ಓನರ್ ಹುಡುಕಿಕೊಂಡು ಬಂದ್ರು.

ಮೊದಲು ಯಾರಿಗೆ?

ಅವರಪ್ಪ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಇವರ ನಾಲ್ಕಂತಸ್ತಿನ ಪಿಜಿ. ಊರಾಚೆ ಹಿನ್ನೀರಲ್ಲಿ ಓಡಿಸೋಕೆ ಒಂದು ಹಳೇ ಸ್ಪೀಡ್ ಬೋಟ್ ಇಟ್ಟಿದ್ರು. ಇವರ ಷಡ್ಡಕನ ಹತ್ರ ಹೊಸ ಬೋಟು. ಭಾನುವಾರದ ರೇಸಲ್ಲಿ ಮೂರು ಸಲ ಇವರು ಸೋತಿದ್ರು. ಆಮೇಲೆ ಯಾವ ಮದುವೆ ಮನೆಗೆ ಹೋದ್ರೂ ಆ ಷಡ್ಡಕ ಊಟದ ಪಂಕ್ತೀಲಿ ಕೂತು, "ಅಣ್ಣಂಗೆ ನಿಧಾನವಾಗಿ ಬಡಿಸ್ರಪ್ಪ, ಸ್ಪೀಡು ಆಗಿಬರಲ್ಲ" ಅಂತಿದ್ದನಂತೆ.

"ಊಟ ಸೇರ್ತಿಲ್ಲ ಗುರು, ಏನಾದ್ರೂ ಮಾಡು" ಅಂದ್ರು.

"ನೈಟ್ರಸ್ ಹಾಕೋಣ ಸಾರ್. ಒಲೆಗೆ ಊದುಕೊಳವೇಲಿ ಊದಿದಂಗೆ. ಬಟನ್ ಒತ್ತಿದ್ರೆ ಈ ಗ್ಯಾಸೂ ಹೋಗುತ್ತೆ, ಜೊತೆಗೆ ಪೆಟ್ರೋಲೂ ಜಾಸ್ತಿ ಹೋಗುತ್ತೆ. ಎಂಜಿನ್ ಧಗ್ ಅನ್ನುತ್ತೆ. ಹಲ್ಲಿನ ಡಾಕ್ಟ್ರು ಕೊಡ್ತಾರಲ್ಲ ನಗೆ ಗ್ಯಾಸು, ಅದೇ ಇದು."

ಜೊತೆಗೆ ಬಂದಿದ್ದ ಅವರ ಹೆಂಡತಿ ತಟ್ಟನೆ ಕೇಳಿದ್ರು: "ಎಂಜಿನ್ನಿಗೆ ಹಾಕೋಕೆ ಮುಂಚೆ ಇವರಿಗೊಂದ್ಸಲ ಹಾಕಿ ನೋಡ್ತೀರಾ? ಮನೇಲಿ ನಕ್ಕು ಬಹಳ ವರ್ಷ ಆಯ್ತು."

ಗ್ಯಾಸ್ ಬುಕಿಂಗ್

ಸಿಲಿಂಡರ್, ಪೈಪು, ವಾಲ್ವು ಎಲ್ಲಾ ಜೋಡಿಸಿದೆ. ಗ್ಯಾಸ್ ಸರಿಯಾಗಿ ಬರುತ್ತಾ ನೋಡೋಣ ಅಂತ ಪೈಪಿನ ತುದಿಯನ್ನ ಅಂಗಡಿಯಾಚೆ ಹಿಡಿದು ವಾಲ್ವ್ ತಿರುಗಿಸಿದೆ. ಬುಸ್ ಅಂತ ಬೆಳ್ಳನೆ ಹೊಗೆ ನಮ್ಮ ಗ್ಯಾರೇಜಿರೋ ಬಿಲ್ಡಿಂಗಿನ ಎರಡನೇ ಮಹಡಿವರೆಗೂ ಹೋಯ್ತು. ಅಲ್ಲಿದ್ದ ಆಂಟಿ, "ಗ್ಯಾಸ್ ಲೀಕು! ಓಡ್ರೋ!" ಅಂತ ಕಿರುಚಿದ್ರು. ಎರಡು ನಿಮಿಷದಲ್ಲಿ ಇಡೀ ಬಿಲ್ಡಿಂಗ್ ರೋಡಲ್ಲಿ. ಒಬ್ಬರ ಬಾಯಲ್ಲಿ ಪೇಸ್ಟಿನ ನೊರೆ. ಇನ್ನೊಬ್ಬ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಓಡ್ತಾನೇ ಮೀಟಿಂಗಲ್ಲಿ "ಯೆಸ್ ಸಾರ್, ಯೆಸ್ ಸಾರ್" ಅಂತಿದ್ದ.

"ಹೆದರ್ಬೇಡಿ ಆಂಟಿ, ಇದು ಅಡುಗೆ ಗ್ಯಾಸ್ ಅಲ್ಲ, ಬೋಟಿನ ಗ್ಯಾಸು" ಅಂತ ಕೈಮುಗಿದೆ.

ಎಲ್ಲರೂ ಬೈದು ವಾಪಸ್ ಹೋದ್ರು. ಆಂಟಿ ಮಾತ್ರ ನಿಂತು ಮೆಲ್ಲಗೆ ಕೇಳಿದ್ರು: "ಇದನ್ನ ಬುಕ್ ಮಾಡಿದ್ರೆ ಎಷ್ಟು ದಿನಕ್ಕೆ ಬರುತ್ತಪ್ಪ? ನಮ್ಮದು ಬಂದೇ ಇಲ್ಲ."

ಹಿನ್ನೀರಲ್ಲಿ ತೀರ್ಪು

ರೇಸಿನ ದಿನ ಷಡ್ಡಕ ಕೂಲಿಂಗ್ ಗ್ಲಾಸ್ ಹಾಕಿ ಬಂದ. ನಮ್ಮ ಓನರ್ ಪೂಜೆ ಮುಗಿಸಿ ಬಿಳೀ ಪಂಚೆ ಮೇಲೇ ಲೈಫ್ ಜಾಕೆಟ್ ತೊಟ್ಟು ಕೂತ್ರು. ಪಕ್ಕದಲ್ಲಿ ನಾನು. ಯಾರು ಮೊದಲು ಬಂದ್ರು ಅಂತ ಹೇಳೋಕೆ ಆಚೆ ದಡದಲ್ಲಿ ಅವರ ಹೆಂಡತಿ.

ಅರ್ಧ ದಾರಿಗೆ ಷಡ್ಡಕ ಮುಂದೆ. ತಿರುಗಿ ನಮಗೆ ಟಾಟಾ ಬೇರೆ ಮಾಡಿದ.

"ಒತ್ತಲಾ ಗುರು?"

"ತಡೀರಿ ಸಾರ್, ಎಂಜಿನ್ ಫುಲ್ ಸ್ಪೀಡಿಗೆ ಬರ್ಲಿ... ಹಾಂ, ಒತ್ತಿ!"

ಒತ್ತಿದ್ರು. ಬೋಟಿನ ಮೂತಿ ಮೇಲಕ್ಕೆದ್ದಿತು. ನನ್ನ ಬೆನ್ನು ಸೀಟಿಗೆ ಅಂಟಿಕೊಳ್ತು. ಷಡ್ಡಕನ ಬೋಟು ನಮ್ಮ ಪಕ್ಕಕ್ಕೆ ಬಂತು, ಹಿಂದಕ್ಕೂ ಹೋಯ್ತು. "ಹೋಯ್!" ಅಂತ ಓನರ್ ಎದ್ದು ನಿಂತಿದ್ದೇ ತಡ, ಗಾಳಿಗೆ ಪಂಚೆ ಕಳಚಿ ಹಾರಿತು. ಹಾರಿದ್ದು ಸೀದಾ ಹೋಗಿ ಷಡ್ಡಕನ ಮುಖಕ್ಕೆ ಸುತ್ತಿಕೊಳ್ತು. ಅವನ ಬೋಟು ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತತೊಡಗಿತು. ಪಟಾಪಟಿ ಚಡ್ಡಿಯಲ್ಲಿ, ಎರಡೂ ಕೈ ಮೇಲೆತ್ತಿ, ನಮ್ಮ ಓನರ್ ದಡ ಸೇರಿದ್ರು!

ಆಮೇಲೆ ಬಂದ ಷಡ್ಡಕ ಪಂಚೆ ಎತ್ತಿ ಹಿಡಿದು ಕೂಗಾಡಿದ: "ಇದು ಮೋಸ! ಕಣ್ಣೇ ಕಾಣ್ಲಿಲ್ಲ. ಈ ರೇಸು ಲೆಕ್ಕಕ್ಕಿಲ್ಲ!"

ಓನರ್ ಮುಖ ಸಣ್ಣಗಾಯ್ತು. ಇಷ್ಟು ದಿನದ ನನ್ನ ಕೆಲಸ ಒಂದು ಪಂಚೆಯಿಂದ ನೀರುಪಾಲಾಗುತ್ತಾ?

ಅವರ ಹೆಂಡತಿ ಪಂಚೆ ಇಸ್ಕೊಂಡು, ನೀರು ಹಿಂಡಿ, ಗಂಡನಿಗೆ ಉಟ್ಕೊಳ್ಳೋಕೆ ಕೊಟ್ಟು ಷಡ್ಡಕನ ಕಡೆ ತಿರುಗಿದ್ರು:

"ಅಲ್ಲಪ್ಪಾ, ಹಿಂದೆ ಇರೋರ ಪಂಚೆ ಹಾರಿ ಮುಂದೆ ಇರೋನ ಮುಖಕ್ಕೆ ಬೀಳುತ್ತಾ?"