ಹೋದ ದಾರಿಯಲ್ಲಿ ಬಾರದವರು

ನಮ್ಮವರು ತಮ್ಮ ಜೀವಮಾನದಲ್ಲಿ ಒಮ್ಮೆಯೂ ಹೋದ ದಾರಿಯಲ್ಲಿ ವಾಪಸ್ ಬಂದವರಲ್ಲ ಎಂದರೆ ನೀವು ನಂಬುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ನಂಬಿರಲಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ, ಧಾರವಾಡದ ಸಂತೆಗೆ ಇಬ್ಬರೂ ಕಾಯಿಪಲ್ಲೆ ತರಲು ಹೋಗಿದ್ದೆವು. ಹೋಗಿದ್ದು ನೆಟ್ಟಗೆ ಒಂದೇ ರಸ್ತೆ. ಬರುವಾಗ ಮೂರು ಓಣಿ ಸುತ್ತಿ, ಯಾರದೋ ಹಿತ್ತಲು ದಾಟಿ, ಇನ್ಯಾರದೋ ಎಮ್ಮೆಯ ಬಾಲ ತಪ್ಪಿಸಿಕೊಂಡು ಮನೆ ಸೇರಿದೆವು. ಪಾಪ, ಹೊಸ ಹೆಂಡತಿಯ ಜೊತೆ ಇನ್ನೊಂದಿಷ್ಟು ಹೊತ್ತು ಇರಬೇಕೆಂಬ ಆಸೆ ಎಂದುಕೊಂಡು ನಾನು ನಾಚಿಕೊಂಡೆ. ಎಂಥ ದಡ್ಡಿ! ಮರುದಿನ ಅವರೊಬ್ಬರೇ ಹೋಗಿದ್ದರು. ಆಗಲೂ ಓಣಿ ಸುತ್ತಿಕೊಂಡೇ ಬಂದರು.

ಕೇಳಿದರೆ ಕಾರಣವೇನೋ ಇತ್ತು. ಅವರ ತಂದೆ ಪೋಸ್ಟ್‌ಮನ್. "ನಮ್ಮಪ್ಪ ಹೋದ ಓಣೀಲೆ ಹೊಳ್ಳಿ ಬಂದಿದ್ರ, ಆಚೀ ಓಣಿಯವ್ರಿಗೆ ಪತ್ರಾ ಯಾರು ಕೊಡತಿದ್ರು?" ಎನ್ನುತ್ತಿದ್ದರು.

"ಅಲ್ಲಾರೀ, ನಿಮ್ಮ ಚೀಲದಲ್ಲಿ ಯಾರ ಪತ್ರ ಇದೆ? ಎರಡು ಕಟ್ಟು ಮೆಂತ್ಯ ಸೊಪ್ಪು ಇದೆ," ಎಂದರೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮುಂದಿನ ಓಣಿಗೆ ತಿರುಗುತ್ತಿದ್ದರು.

ಅಮೆರಿಕಕ್ಕೆ ಬಂದ ಮೇಲಾದರೂ ಈ ಚಾಳಿ ಬಿಟ್ಟೀತು ಎಂದುಕೊಂಡೆ. ಈ ದೇಶದಲ್ಲಿ ಇರುವ ರಸ್ತೆಗಳ ಸಂಖ್ಯೆ ನೋಡಿ ಅದು ಇನ್ನೂ ಕೊಬ್ಬಿತು! ಮೊದಲ ಕೆಲವು ವರ್ಷ ನಾವು ಫ್ಲೋರಲ್ ಪಾರ್ಕಿನಲ್ಲಿದ್ದೆವು, ಆಮೇಲೆ ನದಿಯಾಚೆ ಪಕ್ಕದ ರಾಜ್ಯದ ಹಿಲ್ಸ್‌ಬರೋಗೆ ಬಂದೆವು. ಇಲ್ಲಿ ಸುತ್ತಮುತ್ತ ಸಿಗದ ಸಾಮಾನಿಲ್ಲ. ಆದರೆ ಇವರಿಗೆ ಹುರಿಗಡಲೆ, ಅವರ ಮಾತಿನಲ್ಲಿ ಪುಟಾಣಿ, ಅದೊಂದು ಮಾತ್ರ ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂದ ಹಳೆಯ ಅಂಗಡಿಯದೇ ಆಗಬೇಕು. ಹೋಗುವಾಗ ವೆರಜಾನೊ ಸೇತುವೆ. ಬರುವಾಗ ಉತ್ತರಕ್ಕೆ ಹತ್ತಿ ಜಾರ್ಜ್ ವಾಷಿಂಗ್ಟನ್ ಸೇತುವೆ. ಟ್ರಾಫಿಕ್ಕಿನಲ್ಲಿ ನಿಂತು ನಿಂತು, ಅಂಗಡಿಯಿಂದ ಹಸಿರಾಗಿ ಹೊರಟ ಕೊತ್ತಂಬರಿ ಮನೆ ಸೇರುವಷ್ಟರಲ್ಲಿ ಒಗ್ಗರಣೆಗೆ ಬಿದ್ದ ಹಾಗಾಗಿರುತ್ತಿತ್ತು. ಹಿಂದಿನ ಸೀಟಿನಿಂದ ಮಗಳು ಕೂಗುತ್ತಿದ್ದಳು: "ಅಪ್ಪಾ, ದಿಸ್ ಈಸ್ ಬೇಸಿಕಲಿ ಕಿಡ್‌ನ್ಯಾಪಿಂಗ್!"

ಅವರದು ಈ ಹುಚ್ಚಾದರೆ ನನ್ನದು ಒಂದು ಭಯ. ಹೇಳಿಬಿಡುತ್ತೇನೆ, ನಗಬೇಡಿ. ನನ್ನ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇತ್ತು, ಆದರೆ ನಾನು ಎಡಕ್ಕೆ ತಿರುಗುತ್ತಿರಲಿಲ್ಲ. ಈ ದೇಶದಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ, ಎಡಕ್ಕೆ ತಿರುಗಬೇಕಾದರೆ ಎದುರಿನಿಂದ ಬರುವ ಕಾರುಗಳನ್ನು ಅಡ್ಡ ಹಾಯ್ದು ಹೋಗಬೇಕಲ್ಲ! ಬಲಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ ಎಲ್ಲಿ ಮುಟ್ಟಬಹುದೋ ಅಷ್ಟೇ ನನ್ನ ಪ್ರಪಂಚ. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಕೆಫೆಟೀರಿಯಾ, ಲೈಬ್ರರಿ, ಹಾಲಿನ ಅಂಗಡಿ. ಅದರಾಚೆಗೆ ಎಲ್ಲಿಗೆ ಹೋಗಬೇಕಾದರೂ ಅವರೇ ಓಡಿಸಬೇಕು.

ಹೀಗಿರುವಾಗ ಅವರ ಹೃದಯದಲ್ಲಿ ಎರಡು ಸ್ಟೆಂಟ್ ಹಾಕಿದರು. ಡಾಕ್ಟರು ಹೇಳಿದ್ದು ಎರಡೇ ಮಾತು. ಅವರಿಗೆ, "ದಿನಾ ನಿಧಾನವಾಗಿ ನಡೆಯಿರಿ." ನನಗೆ, "ನೀವು ಕಾರು ಓಡಿಸುವುದನ್ನು ರೂಢಿ ಮಾಡಿಕೊಳ್ಳಿ." ಮೊದಲನೆಯದನ್ನು ಅವರು ಕೇಳಿದರು. ಎರಡನೆಯದು ನನ್ನ ಕಿವಿಗೆ ಬೀಳಲೇ ಇಲ್ಲ ಎಂಬಂತೆ ನಾನು ಪರ್ಸಿನಲ್ಲಿ ಏನೋ ಹುಡುಕಿದೆ. ಅವರು ಇಲ್ಲದ ದಿನ ಎಂಬುದೊಂದು ಬರಬಹುದು ಎಂದು ಒಪ್ಪಿಕೊಂಡರೆ ತಾನೇ ಡ್ರೈವಿಂಗ್ ಕಲಿಯಬೇಕಾಗುವುದು?

ಅವರು ಚೇತರಿಸಿಕೊಂಡದ್ದಕ್ಕೆ ಮಗಳು ಒಂದು ಉಡುಗೊರೆ ಕೊಟ್ಟಳು. ಇಟಲಿಯ ಹಳ್ಳಿಗಾಡಿನಲ್ಲಿ ಒಂದು ತೋಟದ ಮನೆ, ಒಂದು ವಾರ. "ಸ್ಟೇ ಇನ್ ಒನ್ ಪ್ಲೇಸ್. ದಿನಾ ಒಂದು ಡೇ ಟ್ರಿಪ್. ನೋ ಸ್ಟ್ರೆಸ್," ಎಂದಳು. ನನ್ನ ಕಡೆ ತಿರುಗಿ, "ಅಂಡ್ ಅಮ್ಮಾ, ಯೂ ಆರ್ ಆಲ್ಸೋ ಆನ್ ದ ರೆಂಟಲ್," ಎಂದಳು. ಬಾಡಿಗೆ ಕಾರು ಓಡಿಸುವವರ ಪಟ್ಟಿಗೆ ನನ್ನ ಹೆಸರನ್ನೂ ಹಾಕಿಸಿದ್ದಳು. ನಾನು ಮತ್ತೆ ಪರ್ಸಿನಲ್ಲಿ ಹುಡುಕಿದೆ.

ಮನೆ ಗುಡ್ಡದ ತುದಿಯಲ್ಲಿತ್ತು. ಕಲ್ಲಿನ ಗೋಡೆ, ಮುಂದೆ ಒಂದಷ್ಟು ಕೋಳಿ, ಮಲಗೇ ಇರುವ ನಾಯಿ, ಕೆಳಗಿನವರೆಗೂ ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ಮರಗಳು. ಮನೆಯ ಒಡತಿ ನಮಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ನಾವಿಬ್ಬರೂ ಅಜ್ಜಿ ಎಂದೇ ಕರೆದೆವು. ಆಕೆಗೆ ಇಂಗ್ಲಿಷ್ ಬಾರದು, ನಮಗೆ ಇಟಾಲಿಯನ್ ಬಾರದು. ಅದೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಬೇರೆ. ಆ ಮನೆಗೆ ಇದ್ದದ್ದು ಒಂದೇ ದಾರಿ!

ಡಾಂಬರು ರಸ್ತೆಯಿಂದ ಎಡಕ್ಕೆ ತಿರುಗಿದರೆ ಬಿಳಿ ಜಲ್ಲಿಯ ಕಚ್ಚಾ ರಸ್ತೆ, ಗುಡ್ಡ ಸುತ್ತಿ ಸುತ್ತಿ ಮೇಲಕ್ಕೆ. ಹೋಗುವುದೂ ಅದೇ, ಬರುವುದೂ ಅದೇ. ಬಂದ ದಿನ ಸಂಜೆ ನಮ್ಮವರು ದೇವಸ್ಥಾನದಲ್ಲಿ ಚಪ್ಪಲಿ ಕಳೆದುಕೊಂಡವರ ಹಾಗೆ ಮನೆಯ ಸುತ್ತ ಮೂರು ಸಲ ಹುಡುಕಾಡಿದರು. ಹಿತ್ತಿಲ ಕಡೆಯಿಂದ ಒಂದು ಕಾಲುದಾರಿಯಾದರೂ? ಇಲ್ಲ. ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀರಿ ಅಜ್ಜಿಯನ್ನು ಕೇಳಿದರು. ಆಕೆ ಒಂದು ಬೆರಳು ತೋರಿಸಿದಳು. ಒಂದೇ.

ಮರುದಿನ ಬೆಟ್ಟದ ಮೇಲಿನ ಒಂದು ಹಳೆಯ ಊರು ನೋಡಿಕೊಂಡು, ಬರುವಾಗ ಬೇರೆ ಕಣಿವೆ ಸುತ್ತಿಕೊಂಡು, ಸಂಜೆ ನಾಲ್ಕಕ್ಕೆ ಜಲ್ಲಿ ರಸ್ತೆಯ ತಿರುವಿಗಿಂತ ಸ್ವಲ್ಪ ಮೊದಲು ಬಂದೆವು. ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಿಳಿ ಟೋಪಿ ತಲೆಗಿಟ್ಟುಕೊಂಡರು.

"ನೀ ಕಾರ್ ತಗೊಂಡು ಹೋಗು. ನಾ ಈ ಗಿಡದ ನಡುವ ಹಾಯ್ದು ಬರತೇನಿ."

"ರೀ! ನಾನೊಬ್ಬಳೇನಾ? ನಿಮಗೇನು ತಲೆ ಕೆಟ್ಟಿದ್ಯಾ? ನಾನೇ ನಡ್ಕೊಂಡು ಬರ್ತೀನಿ, ನೀವು ಓಡಿಸಿ."

"ಹಂಗಾದ್ರ ನಾ ಹೋದ ದಾರೀಲೆ ಹೊಳ್ಳಿ ಬಂದಂಗ ಆತಲ್ಲ?"

"ಹೋಗ್ಲಿ, ನಾನು ಬೆಳಗ್ಗೆ ಇದೇ ದಾರೀಲಿ ಹೋಗಿದ್ದಲ್ವಾ? ನನಗಿಲ್ವಾ ನಿಮ್ಮ ನಿಯಮ?"

"ನಿಮ್ಮಪ್ಪ ಪೋಸ್ಟ್‌ಮನ್ ಅಲ್ಲಲ್ಲ!" ಎಂದು ನಕ್ಕರು. "ಅಂಜತಿ ಯಾಕ? ರಸ್ತಾ ಒಂದೇ ಅದ. ದಾರಿ ತಪ್ಪೂದಕ್ಕ ಜಾಗಾನೇ ಇಲ್ಲ."

"ಎಡಕ್ಕೆ ತಿರುಗಿಸಿ ಒಳಗೆ ಬಿಟ್ಟಾದ್ರೂ ಕೊಡ್ರೀ!"

ಅಷ್ಟರಲ್ಲಿ ಅವರು ಮರಗಳ ಮಧ್ಯೆ ಮಾಯ.

ಇಂಡಿಕೇಟರ್ ಹಾಕಿಕೊಂಡು ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಎದುರಿನಿಂದ ಒಂದು ಕಾರೂ ಬರಲಿಲ್ಲ. ಹಿಂದೆ ಮಾತ್ರ ಎರಡು ಟ್ರ್ಯಾಕ್ಟರು, ಒಂದು ಹಾಲಿನ ವ್ಯಾನು ಸಾಲಾಗಿ ನಿಂತವು. ಕೊನೆಗೆ ದೇವರ ಹೆಸರು ಹೇಳಿ ತಿರುಗಿಸಿದೆ. ಗುಡ್ಡದ ಮೇಲೆ ನನ್ನ ವೇಗ ಎಷ್ಟಿತ್ತೆಂದರೆ ಒಂದು ಕೋಳಿ ನನ್ನನ್ನು ಓವರ್‌ಟೇಕ್ ಮಾಡಿತು. ಕೈಯಲ್ಲಿ ಸ್ಟಿಯರಿಂಗ್, ಮನಸ್ಸೆಲ್ಲ ಆಲಿವ್ ಮರಗಳ ನಡುವೆ. ಎರಡು ಸ್ಟೆಂಟಿನ ಮನುಷ್ಯ ಒಬ್ಬರೇ ಗುಡ್ಡ ಹತ್ತುತ್ತಿದ್ದಾರೆ, ಎಲ್ಲಾದರೂ ಕೂತುಬಿಟ್ಟರೆ? ಬಿದ್ದುಬಿಟ್ಟರೆ? ಅಂಗಳ ಮುಟ್ಟಿ ನೋಡುತ್ತೇನೆ, ಅವರು ಆಗಲೇ ಬಂದು, ಕೈಕಾಲು ತೊಳೆದು, ನಾಯಿಯ ಜೊತೆ ಮಾತಾಡುತ್ತಾ ಕೂತಿದ್ದಾರೆ!

"ಎಲ್ಲಿ ನಿಂತಿದ್ಯವಾ ಇಷ್ಟೊತ್ತು?"

ಉಳಿದ ದಿನಗಳೂ ಹೀಗೆಯೇ. ಮಗಳು ಕೊಟ್ಟ ಪಟ್ಟಿಯಲ್ಲಿದ್ದ ಗೋಪುರ, ಚರ್ಚುಗಳಲ್ಲಿ ಅರ್ಧವನ್ನೂ ನಾವು ನೋಡಲಿಲ್ಲ. ಪಿಯೆಂಜಾ ಎಂಬ ಊರಿಗೆ ಹೋಗಿ ಬೇರೆ ದಾರಿಯಲ್ಲಿ ಬರಲು ಹೊರಟ ದಿನ ರಸ್ತೆ ಸೀದಾ ಒಬ್ಬ ರೈತನ ಅಂಗಳಕ್ಕೆ ಹೋಗಿ ಮುಗಿದೇ ಹೋಯಿತು. ಆತ ಗುದ್ದಲಿ ಹಿಡಿದು ಎದ್ದು ನಿಂತ. ನಾನು ಕಾರಿನ ಗಾಜು ಏರಿಸಿದೆ. ಇವರು ಇಳಿದು, "ನಮಸ್ಕಾರ್ರೀ ಯಜಮಾನ್ರ, ಈ ರಸ್ತಾ ಮುಂದ ಎಲ್ಲಿಗೆ ಹೋಗ್ತದರೀ?" ಎಂದು ಶುದ್ಧ ಧಾರವಾಡದ ಕನ್ನಡದಲ್ಲಿ ಕೇಳಿದರು. ಆತ ಅಷ್ಟೇ ಶುದ್ಧ ಇಟಾಲಿಯನ್ನಿನಲ್ಲಿ ಎರಡು ನಿಮಿಷ ಉತ್ತರಿಸಿದ.

"ಏನಂದ್ರು?" ಎಂದೆ.

"ರಸ್ತಾ ಇಲ್ಲೇ ಮುಗೀತು. ಆದ್ರ ಏನರೆ ತಿಂದು ಹೋಗ್ರಿ ಅಂದಾನ."

"ಸುಳ್ಳು ಹೇಳಬೇಡಿ!"

ಐದು ನಿಮಿಷದಲ್ಲಿ ಆತನ ಹೆಂಡತಿ ಬ್ರೆಡ್ಡು, ಕುರಿಹಾಲಿನ ಚೀಸು, ಒಂದು ಬುಟ್ಟಿ ಹಸಿ ಕಾಳಿನ ಕಾಯಿ ತಂದಿಟ್ಟಳು. ನಮ್ಮ ಅವರೆಯ ದೊಡ್ಡಪ್ಪನ ಹಾಗಿತ್ತು ಕಾಯಿ. ಸುಲಿದು ಹಸಿಯಾಗಿಯೇ ಚೀಸಿನ ಜೊತೆ ತಿನ್ನಬೇಕಂತೆ. ತಿಂದೆವು. ಈಗ ಹೋಗುವುದು ಹೇಗೆ? ಬಂದ ದಾರಿಯೊಂದೇ ಗತಿ ಎಂದು ನಾನು ಒಳಗೊಳಗೇ ಗೆದ್ದ ಖುಷಿಯಲ್ಲಿದ್ದೆ. ಇವರು ಬಂದ ದಾರಿಯೆಂದು ಮಣ್ಣಿನ ಮೇಲೆ ಒಂದು ಗೆರೆ ಎಳೆದು, ಅದನ್ನು ಕಾಲಿನಿಂದ ಅಳಿಸಿ, ಕೈ ಮುಗಿದರು. ರೈತ ಗಟ್ಟಿಯಾಗಿ ನಕ್ಕು ಟ್ರ್ಯಾಕ್ಟರ್ ಹತ್ತಿದ. ಗೋಧಿ ಹೊಲಗಳ ನಡುವೆ, ಕೆಂಪು ಗಸಗಸೆ ಹೂವಿನ ಬದುವಿನ ಮೇಲೆ, ಮುಂದೆ ಟ್ರ್ಯಾಕ್ಟರು ಹಿಂದೆ ಬೆಂಕಿಪೊಟ್ಟಣದಂಥ ನಮ್ಮ ಕಾರು. ಮದುವೆಯಲ್ಲೂ ನನಗೆ ಅಂಥ ಮೆರವಣಿಗೆ ಮಾಡಿರಲಿಲ್ಲ!

ಇತ್ತ ಅಜ್ಜಿಯ ನಡತೆ ದಿನೇ ದಿನೇ ವಿಚಿತ್ರವಾಗುತ್ತಿತ್ತು. ಊಟಕ್ಕೆ ಕೂತರೆ ಅವರ ತಟ್ಟೆಗೆ ಎರಡು ಸೌಟು, ನನಗೆ ಒಂದು. ಅವರಿಗೆ ಆಲಿವ್ ಎಣ್ಣೆ ಹರಿಯುವಷ್ಟು, ನನಗೆ ಹನಿ. ಅವರ ಬೆನ್ನು ಸವರುವುದು, ನನ್ನನ್ನು ನೋಡಿ ನಿಟ್ಟುಸಿರು ಬಿಡುವುದು. ನಾಲ್ಕನೆಯ ದಿನ ಆಕೆ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ನನ್ನ ಫೋನನ್ನು ತೋರಿಸಿದಳು. ಅನುವಾದದ ಗುಂಡಿ ಒತ್ತಿ ಕೊಟ್ಟೆ. ಆಕೆ ಅದರ ಮುಂದೆ ಕೈ ಬೀಸಿ ಬೀಸಿ ಮಾತಾಡಿದಳು. ಫೋನು ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನ ಧ್ವನಿಯಲ್ಲಿ ಹೇಳಿತು: "ನಿಮ್ಮ ಪತಿ ಒಳ್ಳೆಯ ಮನುಷ್ಯ. ನೀವು ಅವರನ್ನು ಪ್ರತಿದಿನ ಕಾರಿನಿಂದ ಹೊರಹಾಕಲು ಕಾರಣವೇನು?"

ಅಯ್ಯೋ ರಾಮ! ದಿನಾ ಸಂಜೆ ಕಿಟಕಿಯಿಂದ ನೋಡುತ್ತಿದ್ದಳಂತೆ. ಕಾರು ನಿಲ್ಲುತ್ತದೆ, ಗಂಡ ಇಳಿಯುತ್ತಾನೆ, ಹೆಂಡತಿ ಕಾರು ತೆಗೆದುಕೊಂಡು ಹೋಗುತ್ತಾಳೆ, ಬಡಪಾಯಿ ಬಿಸಿಲಿನಲ್ಲಿ ಗುಡ್ಡ ಹತ್ತುತ್ತಾನೆ! ನಾನು ಪೋಸ್ಟ್‌ಮನ್ ಮಾವನವರಿಂದ ಹಿಡಿದು ಎಲ್ಲ ಕಥೆ ಹೇಳಿದೆ. ಫೋನು ಏನು ಅನುವಾದಿಸಿತೋ, ಅಜ್ಜಿ ಹಣೆಯ ಪಕ್ಕ ಬೆರಳು ತಿರುಗಿಸಿ, "ಮಾತ್ತೋ," ಎಂದಳು. ಹುಚ್ಚ ಎಂದು. ಆ ರಾತ್ರಿ ನನಗೂ ಎರಡು ಸೌಟು ಬಿತ್ತು.

ಮರುದಿನದಿಂದ ಆಕೆ ಆಲಿವ್ ತೋಪಿನ ಅಂಚಿಗೆ ಒಂದು ಬೆತ್ತದ ಕುರ್ಚಿ ಹಾಕಿ, ಒಂದು ಲೋಟ ನಿಂಬೆ ನೀರು ಇಟ್ಟುಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಕಾಯತೊಡಗಿದಳು. ನಾನು ಕಾರು ನಿಲ್ಲಿಸಿ ಓಡಿ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅವರು ಒಂದೊಂದು ದಿನ ಒಂದೊಂದು ಸಾಲು ಹಿಡಿದು ಬರುತ್ತಿದ್ದರು, ಎಲ್ಲಿಂದ ಎದ್ದು ಬರುತ್ತಾರೆ ಎಂದು ತಿಳಿಯುತ್ತಿರಲಿಲ್ಲ. ಮರಗಳ ನಡುವೆ ಬಿಳಿ ಟೋಪಿ ಕಂಡ ಕೂಡಲೇ ಅಜ್ಜಿ, "ಎಕ್ಕೊಲೊ!" ಎಂದು ಕೂಗುವಳು. ಇಗೋ, ಬಂದ! ಅದಕ್ಕೆ ಫೋನು ಬೇಕಾಗಲಿಲ್ಲ. ನನ್ನ ಉಸಿರು ಆಗ ಕೆಳಗಿಳಿಯುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು, ಮಹಾರಾಜನ ಹಾಗೆ ನಿಂಬೆ ನೀರು ಕುಡಿದು, "ಇವತ್ತ ಎಡಕ್ಕ ಹೆಂಗ ತಿರುಗಿಸಿದಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಕೊನೆಯ ದಿನ ನಾನು ಇಂಡಿಕೇಟರ್ ಹಾಕಿ, ಒಮ್ಮೆ ನೋಡಿ, ತಿರುಗಿಸಿದ್ದೆ. ಯಾವ ಟ್ರ್ಯಾಕ್ಟರೂ ಕಾಯಲಿಲ್ಲ.

ನನಗೆ ಕಲಿಸಬೇಕೆಂದೇ ಹಾಗೆ ಮಾಡಿದರೇ ಎಂದು ಮಗಳು ಒಮ್ಮೆ ಕೇಳಿದಳು. ಇರಲಾರದು. ಅಷ್ಟು ಮುಂದಾಲೋಚನೆಯ ಮನುಷ್ಯನಾಗಿದ್ದರೆ ಏರ್‌ಪೋರ್ಟಿಗೆ ಹೊರಟಾಗ ಪಾಸ್‌ಪೋರ್ಟನ್ನು ಫ್ರಿಜ್ಜಿನ ಮೇಲೆ ಬಿಟ್ಟು ಬರುತ್ತಿರಲಿಲ್ಲ. ಆದರೂ, ಹೋದ ವರ್ಷ ಚಳಿಗಾಲದ ಒಂದು ಬೆಳಗ್ಗೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಮಗಳು ಇನ್ನೂ ವಿಮಾನದಲ್ಲಿದ್ದಳು, ಅವರ ಕನ್ನಡಕವನ್ನೂ ಸ್ವೆಟರನ್ನೂ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ನಾನೇ ಕಾರು ಓಡಿಸಿಕೊಂಡು ಮನೆಗೆ ಬಂದೆ. ಹೋಗುವಾಗ ಹೆದ್ದಾರಿಯಲ್ಲಿ ಹೋಗಿದ್ದೆ. ಬರುವಾಗ ಕಾಲುವೆಯ ಪಕ್ಕದ ರಸ್ತೆ ಹಿಡಿದಿದ್ದೆ ಎಂಬುದು ಗ್ಯಾರೇಜಿನ ಬಾಗಿಲು ತೆರೆಯುವಾಗ ಗೊತ್ತಾಯಿತು.

ಈ ಮೇ ತಿಂಗಳಲ್ಲಿ ನಾನೊಬ್ಬಳೇ ಮತ್ತೆ ಆ ತೋಟದ ಮನೆಗೆ ಹೋಗಿದ್ದೆ. ಮಗಳು ಬರುತ್ತೇನೆಂದಳು, ಬೇಡ ಎಂದೆ. ಹತ್ತಿರದ ಊರಿನ ರೈಲು ನಿಲ್ದಾಣದಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು, ಸಂಜೆ ನಾಲ್ಕರ ಹೊತ್ತಿಗೆ ಎಡಕ್ಕೆ ತಿರುಗಿ, ಗುಡ್ಡ ಹತ್ತಿ ಅಂಗಳದಲ್ಲಿ ನಿಲ್ಲಿಸಿದೆ. ನಾಯಿ ಅದೇ ಜಾಗದಲ್ಲಿ ಮಲಗಿತ್ತು. ಅಜ್ಜಿ ಸೆರಗಿನಂಥ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಬಗ್ಗಿ ಕಾರಿನೊಳಗೆ ನೋಡಿದಳು. ಪಕ್ಕದ ಸೀಟು ಖಾಲಿ.

ಹೇಳಬೇಕಾದ ಮಾತನ್ನು ಫೋನಿನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದೆ. ಒತ್ತಿದರೆ ಸಾಕು, ವಾರ್ತೆ ಓದುವ ಹೆಂಗಸು ಆಕೆಯ ಭಾಷೆಯಲ್ಲಿ ಹೇಳಿಬಿಡುತ್ತಿದ್ದಳು. ಆದರೆ ಆಕೆ ನನ್ನ ಮುಖ ನೋಡಲೇ ಇಲ್ಲ. "ಮಾತ್ತೋ," ಎಂದು ನಕ್ಕು ಒಳಗೆ ಹೋದಳು. ಬೆತ್ತದ ಕುರ್ಚಿ ತಂದು ತೋಪಿನ ಅಂಚಿಗೆ ಹಾಕಿದಳು. ನಿಂಬೆ ನೀರಿನ ಲೋಟ ತಂದಳು. ಹಣೆಗೆ ಕೈ ಅಡ್ಡ ಹಿಡಿದು, ಕೆಳಗಿನ ಮರಗಳ ಕಡೆ ನೋಡುತ್ತಾ ನಿಂತಳು.

ನಾನು ಫೋನನ್ನು ಪರ್ಸಿನೊಳಗೆ ಹಾಕಿದೆ. ಹೇಳುವುದು ಇದ್ದೇ ಇದೆ, ಊಟಕ್ಕೆ ಕೂತಾಗ ಹೇಳಿದರಾಯಿತು. ಆಕೆಯ ಪಕ್ಕಕ್ಕೆ ಹೋಗಿ ನಾನೂ ಹಣೆಗೆ ಕೈ ಹಿಡಿದೆ. ಗಾಳಿಗೆ ಎಲೆಗಳು ಮಗುಚಿ ಬೆಳ್ಳಗಾಗುತ್ತಿದ್ದವು, ಪ್ರತಿಯೊಂದು ಮರದ ಹಿಂದೆಯೂ ಒಂದು ಟೋಪಿ ಇದ್ದ ಹಾಗೆ. ಅವರು ಹೋದರೆಂದು ನನ್ನ ಜೊತೆ ಕೂತು ಅತ್ತವರು ಬಹಳ ಜನ, ಅವರೆಲ್ಲರ ಋಣ ನನ್ನ ಮೇಲಿದೆ. ಅವರು ಬರುತ್ತಾರೆಂದು ನನ್ನ ಜೊತೆ ನಿಂತು ಕಾದವಳು ಇವಳೊಬ್ಬಳೇ. ಲೋಟದ ನಿಂಬೆ ನೀರು ಬಿಸಿಲಿಗೆ ಬೆಚ್ಚಗಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.