ಸಾಲ ಕೊಡದ ಸಾಹೇಬರು

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಬಡ್ಡಿ ಎಂಬ ಶಬ್ದಕ್ಕೇ ಮುಖ ಸಿಂಡರಿಸುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನ್ಯೂಯಾರ್ಕಿನ ಹತ್ತಿರದ ಪಿಸ್ಕಾಟವೇ ಊರಿನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲೇ ಇದ್ದರು! ಹುಬ್ಬಳ್ಳಿಯವರು, ಒಂಟಿ ಜೀವ. ನಮಗೆಲ್ಲ ಬರೀ 'ಸಾಹೇಬರು'.

ಅವರ ಧರ್ಮದಲ್ಲಿ ಬಡ್ಡಿ ನಿಷಿದ್ಧ. ಹೊಟ್ಟೆಪಾಡಿಗೆ ಟೈ ಕಟ್ಟಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡಿ, ಹಗಲೆಲ್ಲ ಬಡ್ಡಿ ಸಾಲ ಮಂಜೂರು ಮಾಡಿ, ಸಂಜೆ ಸಪ್ಪೆ ಮುಖದಲ್ಲಿ ಮರಳುತ್ತಿದ್ದರು. ಎಪ್ಪತ್ತರ ದಶಕದ ನಡುವೆ, ದುಬೈಯಲ್ಲಿ ಬಡ್ಡಿಯೇ ಇಲ್ಲದ ಬ್ಯಾಂಕು ಶುರುವಾಗಿದೆಯೆಂದು ಯಾರೋ ಹೇಳಿದ್ದೇ ತಡ, ರಾಜೀನಾಮೆ!

"ದುಬೈನಲ್ಲಿ ಕೆಲ್ಸ ಸಿಕ್ತಾ ಸಾಹೇಬ್ರೇ?"

"ಇಲ್ಲೋ ತಮ್ಮಾ. ಅಲ್ಲಿ ನಡೀತದ ಅಂದ್ರ ಇಲ್ಲೂ ನಡೀಬೇಕಲ್ಲ?"

ಎಲ್ಲೆಲ್ಲೂ ಲೇ ಆಫ್ ನಡೆಯುತ್ತಿದ್ದ ಕಾಲ. ಇದ್ದ ಕೆಲಸವನ್ನು ಬಿಸಾಕುವುದೆ? ನಾನಂತೂ ದಂಗಾದೆ.

ಸ್ವಲ್ಪ ದಿನಕ್ಕೆ ನನ್ನ ಎಂಜಿನಿಯರ್ ಕೆಲಸವೂ ಹೋಯಿತು. ನಾನು ಬಿಟ್ಟದ್ದಲ್ಲ, ಅವರೇ ಬಿಡಿಸಿದ್ದು! ಸಂಕೋಚ ನುಂಗಿಕೊಂಡು ಸಾಹೇಬರಲ್ಲಿ ಸಾಲ ಕೇಳಿದೆ.

"ಸಾಲ ಕೊಡಂಗಿಲ್ಲ."

"ಬಡ್ಡಿ ಬೇಡ ಅನ್ನೋರು ಅಸಲೂ ಕೊಡಲ್ವಾ?"

"ಸಾಲ ನಿನ್ನ ತಲೀಮ್ಯಾಲ ಕುಂದರ್ತದ. ನೀ ಟೀವಿ ಚಲೋ ರಿಪೇರಿ ಮಾಡ್ತಿ. ಅಂಗಡಿ ಇಡೂಣು. ರೊಕ್ಕ ನಂದು, ಕೆಲಸ ನಿಂದು. ಲಾಭ ಅರ್ಧಾ ಅರ್ಧಾ."

"ಲಾಸ್ ಆದ್ರೆ?"

"ನನ್ನ ರೊಕ್ಕ ಹೋಗ್ತದ, ನಿನ್ನ ದುಡಿತ ಹೋಗ್ತದ."

"ದುಡ್ಡಿನ ಲಾಸೆಲ್ಲ ಅವರಿಗಾ? ಸರಿಯಾಗಿ ಕೇಳಿಸ್ಕೊಂಡ್ರಾ?" ಎಂದು ನನ್ನ ಹೆಂಡತಿ ಎರಡೆರಡು ಸಲ ಕೇಳಿದಳು.

ಅಂಗಡಿ ತೆರೆದೆವು. ಹಳೇ ಟೀವಿ ರಿಪೇರಿ ಮಾಡಿ ಕಂತಿನಲ್ಲಿ ಮಾರುವುದು. ಗಿರಾಕಿಯೊಬ್ಬ ಬಡ್ಡಿ ಎಷ್ಟೆಂದು ಕೇಳಿದಾಗ ಸಾಹೇಬರು ಎದ್ದು ನಿಂತು, "ನೋ ಇಂಟರೆಸ್ಟ್!" ಎಂದು ಗುಡುಗಿದರು. ಆಸಕ್ತಿಯಿಲ್ಲದವರು ಅಂಗಡಿ ಯಾಕೆ ಇಟ್ಟಿದ್ದೀರೆಂದು ಗೊಣಗುತ್ತ ಅವನು ಹೋಗಿಯೇಬಿಟ್ಟ! ನಾನು ರಸ್ತೆಯವರೆಗೆ ಓಡಿ ಎಳೆದು ತರಬೇಕಾಯಿತು.

ಹಾಗೂ ಹೀಗೂ ವ್ಯಾಪಾರ ಕುದುರಿತು. ಆಮೇಲೆ ಬಂತು ಜನವರಿ. ಒಂದು ಬೆಳಗ್ಗೆ ಬಾಗಿಲು ತೆರೆದರೆ, ಚಳಿಗೆ ಹೆಪ್ಪುಗಟ್ಟಿದ ಪೈಪು ಒಡೆದು ಅಂಗಡಿಯೆಲ್ಲ ನೀರು. ಟೀವಿಗಳೆಲ್ಲ ಹಾಳು.

ಸಾಹೇಬರು ಬಂದವರೇ ಟೀವಿಗಳತ್ತ ನೋಡಲಿಲ್ಲ. ನನ್ನ ರಟ್ಟೆ ಹಿಡಿದು, "ನಿನಗ ಶಾಕ್ ಹೊಡೀಲಿಲ್ಲಲ್ಲ?" ಎಂದರು.

"ನಿಮ್ಮ ದುಡ್ಡೆಲ್ಲ ಹೋಯ್ತು ಸಾಹೇಬ್ರೇ. ಹೇಗಾದ್ರೂ ಮಾಡಿ ತೀರಿಸ್ತೀನಿ."

ಅವರಿಗೆ ಸಿಟ್ಟು ಬಂದದ್ದನ್ನು ನೋಡಿದ್ದು ಅದೊಂದೇ ಸಲ. "ನಿನ್ನ ಸಾಲಗಾರ ಮಾಡೂದಿದ್ರ ನಾ ಬ್ಯಾಂಕ್ ಯಾಕ ಬಿಡತಿದ್ದೆ?" ಎಂದು ಪ್ಯಾಂಟು ಮಡಿಸಿ ನೀರು ಬಳಿಯಲು ಇಳಿದರು.

ನಾನು ಮನೆ ಮನೆಗೆ ಹೋಗಿ ಟೀವಿ ರಿಪೇರಿ ಮಾಡಿ ದುಡ್ಡು ಕೂಡಿಸಿ, ಅಂಗಡಿ ಮತ್ತೆ ತೆರೆಯಲು ಬೇಸಿಗೆಯಾಯಿತು. ಅಷ್ಟರೊಳಗೆ ಬಾಡಿಗೆಗೂ ಗತಿಯಿಲ್ಲದಂತಾದ ಸಾಹೇಬರನ್ನು ಹಾಸಿಗೆ ಸಮೇತ ನಮ್ಮ ಮನೆಗೇ ಕರೆತಂದೆವು. ಮೊದಲ ದಿನ ಊಟಕ್ಕೆ ಕೂತವರು ಬಹಳ ಹೊತ್ತು ತಟ್ಟೆಗೆ ಕೈ ಹಾಕಲಿಲ್ಲ. ನನ್ನ ಹೆಂಡತಿ, "ಸಾರು ಆರ್ತಾ ಇದೆ ಅಣ್ಣಾ," ಎಂದಳು. ಉಂಡರು. ಇನ್ನೊಂದು ಸೌಟು ಕೇಳಿದರು, ಆ ಗುಡುಗಿನ ದನಿಯನ್ನು ತಗ್ಗಿಸಿ.