ಪಂಪ್ ಸ್ಟವ್ ಆಸೆಗೆ ನಾನು ಆಡಿದ ಆಟಗಳು

ಹಸಿ ಸೌದೆಯ ಮುಂದೆ ಕೂತು ಊದುಕೊಳವೆ ಊದುತ್ತಿದ್ದೆ. ಒಲೆಯಲ್ಲಿ ಬೆಂಕಿ ಇಲ್ಲ, ಮನೆ ತುಂಬ ಹೊಗೆ. ಮಳೆಗಾಲ ಮುಗಿಯಿತು ಎಂದು ಪಂಚಾಂಗ ಹೇಳಿದರೂ ನಮ್ಮ ಸುಂಟಿಕೊಪ್ಪದ ಸೌದೆ ಅದನ್ನು ಒಪ್ಪುವುದಿಲ್ಲ. ಜಗಲಿಯಲ್ಲಿ ಕೂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂಗಿದರು:

"ಪೂವಮ್ಮಾ, ಅಡುಗೆ ಮಾಡ್ತಾ ಇದ್ದೀಯೋ, ಸೊಳ್ಳೆ ಓಡಿಸ್ತಾ ಇದ್ದೀಯೋ?"

ಮಾತು ಚೂಪಾದರೂ ಪಾಪ, ಅವರ ಕಣ್ಣು ಆ ಮಳೆಗಾಲವಿಡೀ ಕೆಂಪಾಗಿಯೇ ಇತ್ತು. ನೀರು ಸುರಿಯುವುದು ನಿಲ್ಲದು. ಹೊಗೆಯಿಂದ ದೂರ ಇರಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಅವರಿಗೆ ಕೊಟ್ಟ ಮನೆ ಇದು. ಇರುವುದೇ ಒಂದೂವರೆ ಕೋಣೆ. ಹೊಗೆಯಿಂದ ದೂರ ಇರಬೇಕಾದರೆ ಅತ್ತೆ ಕುಶಾಲನಗರಕ್ಕೇ ಹೋಗಬೇಕು!

ಆಗ ಹಿತ್ತಲ ಬಾಗಿಲಲ್ಲಿ ಗಿರಿಜಕ್ಕನ ತಲೆ ಕಾಣಿಸಿತು. ಪಕ್ಕದ ಮನೆಯ ಕಂಪೌಂಡರರ ಹೆಂಡತಿ. ತವರು ಪುತ್ತೂರು. ಸುದ್ದಿಯನ್ನು ಬಿಸಿಯಾಗಿಯೇ ಬಡಿಸುವ ಹೆಂಗಸು.

"ಮಾರಾಯ್ತಿ, ಕೇಳಿದೆಯಾ? ಮಹಿಳಾ ಸಮಾಜದಲ್ಲಿ ಆಟದ ಸ್ಪರ್ಧೆಯಂತೆ. ಕೊನೆಯ ಆಟ ಗೆದ್ದವರಿಗೆ ಪಂಪ್ ಸ್ಟವ್ ಅಂತೆ!"

ಊದುಕೊಳವೆ ಕೈಯಿಂದ ಜಾರಿತು. ಎಸ್ಟೇಟಿನ ಯಜಮಾನರ ಬಂಗಲೆಯ ಅಡುಗೆಮನೆಯಲ್ಲಿ ಒಮ್ಮೆ ಅಂಥ ಸ್ಟವ್ ಉರಿಯುವುದನ್ನು ನೋಡಿದ್ದೆ. ಹಿತ್ತಾಳೆಯ ಹೊಟ್ಟೆ, ಅದರ ಮೇಲೆ ಶಂಖಪುಷ್ಪ ಅರಳಿದ ಹಾಗೆ ನೀಲಿ ಉರಿ. ಹೊಗೆಯ ಸುಳಿವೇ ಇಲ್ಲ. ಆ ನೀಲಿ ಆಮೇಲೆ ಎಷ್ಟೋ ದಿನ ನನ್ನ ಕಣ್ಣ ರೆಪ್ಪೆಯೊಳಗೇ ಇತ್ತು. ಈಗ ಆ ನೀಲಿ ಹೂವು ನಮ್ಮ ಒಲೆಯ ಪಕ್ಕದಲ್ಲೇ ಅರಳಿದ ಹಾಗೆ, ಅದರ ಎದುರು ಅತ್ತೆ ಕಾಡಿಗೆ ಹಚ್ಚಿದಂಥ ತಿಳಿಗಣ್ಣಲ್ಲಿ ಕೂತು ನನ್ನನ್ನು ಹೊಗಳುತ್ತಿರುವ ಹಾಗೆ ಕಂಡಿತು. ಅತ್ತೆ ಹೊಗಳಿದರು ಎಂದ ಮೇಲೆ ಅದು ಕನಸೇ ಎಂದು ಗೊತ್ತಾಗಬೇಕಿತ್ತು. ಆಗಲಿಲ್ಲ!

ಸಂಜೆ ನಮ್ಮವರಿಗೆ ಹೇಳಿದೆ. ಅವರು ಕೋಟು ಕಳಚುತ್ತ ಕೇಳಿದರು, "ಚೆನ್ನೆಮಣೆ ಬಿಟ್ಟರೆ ನೀನು ಯಾವ ಆಟ ಆಡಿದ್ದೀ?"

"ಆಟ ಅಂದರೆ ಏನು ಮಹಾ? ಮಕ್ಕಳೂ ಆಡ್ತವೆ. ನನ್ನ ಬೆನ್ನಿಗೆ ಕಾವೇರಮ್ಮ ಇದ್ದಾಳೆ."

"ಇದ್ದಾಳೆ, ಇಲ್ಲ ಅನ್ನೋದಿಲ್ಲ. ಅವಳು ಕೇರಂ ಆಡಿದ್ದಾಳಾ?"

ಅಂಥವರ ಜೊತೆ ವಾದ ಮಾಡಿ ಪುಣ್ಯ ಕಳೆದುಕೊಳ್ಳಬಾರದು. ಕಾವೇರಮ್ಮನ ಪಟದ ಮುಂದೆ ನಿಂತು, ಸ್ಟವ್ ಬಂದರೆ ಅದರಲ್ಲಿ ಮೊದಲು ನಿನಗೇ ಪಾಯಸ ಎಂದು ಹರಕೆ ಹೇಳಿಕೊಂಡೆ.

ಕೊಡಗು ಮೈಸೂರಿಗೆ ಸೇರಿದ ಹೊಸತು ಅದು. ಎಲ್ಲೆಲ್ಲೂ ಹೊಸ ಹೊಸ ಸಮಾಜ, ಹೊಸ ಹೊಸ ಸ್ಪರ್ಧೆ. ಹೆಂಗಸರು ಮನೆಯಿಂದ ಹೊರಗೆ ಬಂದು ಆಡಬೇಕು ಎಂದು ದೊಡ್ಡವರು ಭಾಷಣ ಮಾಡುತ್ತಿದ್ದರು. ಹೊರಗೆ ಬಂದೆ, ಆಡಿದೆ. ಆ ಆಟಗಳ ಬಗ್ಗೆ ನನ್ನ ಪ್ರಾಮಾಣಿಕ ಅಭಿಪ್ರಾಯವನ್ನು ಇನ್ನು ಮುಂದೆ ಆಡುವ ಸೋದರಿಯರ ಹಿತದೃಷ್ಟಿಯಿಂದ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ಕೇರಂ. ಸಮಾಜದ ಅಧ್ಯಕ್ಷೆ ಮುತ್ತಮ್ಮನವರು ಒಂದು ತೋಟದ ಯಜಮಾನಿ, ಗತ್ತಿನ ಕೊಡವ ಹೆಂಗಸು. ಎಲ್ಲ ಆಟ ಆಡಿದವರಿಗೆ ಮಾತ್ರ ಕೊನೆಯ ಆಟದಲ್ಲಿ ಜಾಗ ಎಂದು ಅವರು ಮೊದಲೇ ಹೇಳಿದ್ದರು. ಹಾಗಾಗಿ ಹಲಗೆಯ ಮುಂದೆ ಕೂತೆ. ಹಲಗೆ ನುಣುಪಾಗಿ, ಸಾರಿಸಿದ ಅಂಗಳದ ಹಾಗೆ ಹೊಳೆಯುತ್ತಿತ್ತು. ಯಾರೋ ನನ್ನ ಕೈಗೆ ಬಿಳಿ ಪುಡಿಯ ಡಬ್ಬಿ ಕೊಟ್ಟು, "ಹಾಕಿ" ಎಂದರು.

ಹಾಕಿದೆ.

ನನ್ನ ಮನಸ್ಸು ಆಗ ಪಾಯಸಕ್ಕೆ ಏಲಕ್ಕಿ ಎಷ್ಟು ಬೇಕು ಎಂಬ ವಿಚಾರದಲ್ಲಿತ್ತು. ಕೈ ತನ್ನ ಪಾಡಿಗೆ ತನಗೆ ಗೊತ್ತಿದ್ದ ಕೆಲಸ ಮಾಡಿತು. ಕಣ್ಣು ಬಿಟ್ಟು ನೋಡಿದರೆ ಹಲಗೆಯ ನಟ್ಟನಡುವೆ ಎಂಟು ದಳದ ಕಮಲದ ರಂಗೋಲಿ!

"ಚೆನ್ನಾಗಿದೆ ಪೂವಮ್ಮ," ಎಂದರು ಮುತ್ತಮ್ಮನವರು, "ಈಗ ಇದರ ಮೇಲೆ ಹೊಡೆಯೋದು ಯಾರು?"

ರಂಗೋಲಿಯನ್ನು ಯಾರೂ ಅಳಿಸಲು ಒಪ್ಪಲಿಲ್ಲ. ಕೊನೆಗೆ ನಾನೇ ಕ್ಷಮೆ ಬೇಡಿ ಸೆರಗಿನಿಂದ ಒರೆಸಿದೆ. ಆಮೇಲೆ ನಾನು ಹೊಡೆದ ಸ್ಟ್ರೈಕರ್ ಕಾಯಿಗಳನ್ನೆಲ್ಲ ಬಿಟ್ಟು ಅಧ್ಯಕ್ಷರ ಮಡಿಲಿಗೆ ಹೋಗಿ ಬಿತ್ತು. ನನ್ನ ಅಭಿಪ್ರಾಯ: ಕೇರಂ ಒಳ್ಳೆಯ ಹಲಗೆ. ಅದನ್ನು ಆಟಕ್ಕೆ ಬಳಸುವುದು ದಂಡ.

ಎರಡನೆಯದು ತಂಬೋಲ. ಒಬ್ಬರು ಅಂಕಿ ಕೂಗುತ್ತಾರೆ, ನಮ್ಮ ಚೀಟಿಯಲ್ಲಿ ಆ ಅಂಕಿ ಇದ್ದರೆ ಅದರ ಮೇಲೆ ಒಂದು ಕಾಳು ಇಡಬೇಕು. ಬೇರೆ ಊರಲ್ಲಿ ಏನು ಇಡುತ್ತಾರೋ ಗೊತ್ತಿಲ್ಲ, ಇಲ್ಲಿ ಎಲ್ಲರ ಮುಂದೆಯೂ ಒಂದೊಂದು ಹಿಡಿ ಕಾಫಿ ಬೀಜ ಸುರಿದರು. ಅದೇ ತಪ್ಪಾಯಿತು. ಬೀಜ ಕಂಡ ಕೂಡಲೇ ನನ್ನ ಬೆರಳು ಸುಮ್ಮನಿರಲಿಲ್ಲ. ಕರಿಕಾಳು ಒಂದು ಕಡೆ, ಒಡಕು ಇನ್ನೊಂದು ಕಡೆ, ಹುಳ ಹಿಡಿದದ್ದು ಮತ್ತೊಂದು ಕಡೆ. ಅಂಕಿ ಕೂಗುವ ದನಿ ದೂರದಲ್ಲಿ ಯಾರೋ ಭಜನೆ ಹೇಳುವ ಹಾಗೆ ಕಿವಿಯ ಮೇಲೆ ಹಾದು ಹೋಗುತ್ತಿತ್ತು. ಎಂಥ ಹಿತ! ಕಿಟಕಿಯಿಂದ ಮಂಜು ಮೆಲ್ಲಗೆ ಒಳಗೆ ಬಂದು ನಮ್ಮ ಕಾಲ ಬಳಿ ಕೂತ ಹಾಗಿತ್ತು. ನನ್ನದು ಮುಗಿಯಿತು, ಗಿರಿಜಕ್ಕನ ಮುಂದಿದ್ದ ಬೀಜವನ್ನೂ ಎಳೆದುಕೊಂಡೆ.

"ಅಯ್ಯೋ, ಅದು ನನ್ನ ಅಂಕಿ ಮೇಲಿದ್ದದ್ದು ಮಾರಾಯ್ತಿ!" ಎಂದು ಅವಳು ಕೂಗುವ ಹೊತ್ತಿಗೆ ಇನ್ನಾರೋ ಗೆದ್ದಾಗಿತ್ತು. ನನ್ನ ಚೀಟಿಯ ಮೇಲೆ ಒಂದು ಕಾಳೂ ಇರಲಿಲ್ಲ. ಆದರೆ ಆ ಸಭೆಯಲ್ಲಿ ನನ್ನಷ್ಟು ಶುದ್ಧವಾದ ಬೀಜ ಬೇರೆ ಯಾರ ಬಳಿಯೂ ಇರಲಿಲ್ಲ, ಅದನ್ನು ಧೈರ್ಯವಾಗಿ ಹೇಳಬಲ್ಲೆ. ತಂಬೋಲದ ಬಗ್ಗೆ ನನಗೆ ಯಾವ ಅಭಿಪ್ರಾಯವೂ ಇಲ್ಲ. ಆಟ ಆದದ್ದೇ ನನಗೆ ತಿಳಿಯಲಿಲ್ಲ!

ಕೊನೆಯದು ಕುರ್ಚಿ ಆಟ. ಇದಕ್ಕೇ ಸ್ಟವ್. ಮೇಜಿನ ಮೇಲೆ ಅದನ್ನು ಇಟ್ಟಿದ್ದರು, ಹಿತ್ತಾಳೆ ಹೊಟ್ಟೆಯಲ್ಲಿ ನಮ್ಮೆಲ್ಲರ ಮುಖ ಪುಟ್ಟ ಪುಟ್ಟದಾಗಿ ಕಾಣುತ್ತಿತ್ತು. ನನ್ನ ಮುಖ ಎಲ್ಲರಿಗಿಂತ ಹತ್ತಿರದಲ್ಲಿತ್ತು. ಶಕುನ ಒಳ್ಳೆಯದೇ!

ಸಭೆ ಶುರುವಾಗುವಾಗ ಹಚ್ಚಿದ ಕಾಲುದೀಪ ಕೋಣೆಯ ನಡುವೆ ಇನ್ನೂ ಉರಿಯುತ್ತಿತ್ತು. ಅದನ್ನು ಕದಲಿಸುವುದು ಬೇಡ ಎಂದು ಅದರ ಸುತ್ತಲೇ ಕುರ್ಚಿ ಜೋಡಿಸಿದರು. ಹಾರ್ಮೋನಿಯಂ ಬಾರಿಸುವಾಗ ಸುತ್ತಬೇಕು, ನಿಂತ ಕೂಡಲೇ ಕೂರಬೇಕು. ಪ್ರತಿ ಸಲವೂ ಒಂದು ಕುರ್ಚಿ ತೆಗೆಯುತ್ತಾರೆ.

"ಕುರ್ಚಿಗೆ ಬೆನ್ನು ಮಾಡಿ ನಿಂತು, ಎಲ್ಲರೂ ಎಡಗಡೆಗೆ ಸುತ್ತಿ," ಎಂದರು ಮುತ್ತಮ್ಮನವರು.

ಹಾರ್ಮೋನಿಯಂ ಶುರುವಾಯಿತು. ಎಲ್ಲರೂ ಎಡಕ್ಕೆ ಹೋದರು. ನಾನೊಬ್ಬಳು ಬಲಕ್ಕೆ. ಎರಡೇ ಹೆಜ್ಜೆಗೆ ಗಿರಿಜಕ್ಕನ ಹಣೆ ನನ್ನ ಹಣೆಗೆ ಬಡಿಯಿತು.

"ಎಂತ ಪೂವಮ್ಮ, ಎದುರು ಬರ್ತೀಯಲ್ಲ!"

"ದೀಪಕ್ಕೆ ಅಪ್ರದಕ್ಷಿಣೆ ಬರೋದುಂಟಾ ಅಕ್ಕ? ನನ್ನ ಕಾಲು ಬರೋದಿಲ್ಲ."

ಗುಸುಗುಸು ಆಯಿತು. ವಯಸ್ಸಾದ ಇಬ್ಬರು ನನ್ನ ಕಡೆ ಸೇರಿದರು. ಮುತ್ತಮ್ಮನವರು ಸೋತು, "ಸರಿ, ಬಲಕ್ಕೇ ಸುತ್ತಿ. ದೇವಸ್ಥಾನ ಅಂತಲೇ ತಿಳ್ಕೊಳ್ಳಿ," ಎಂದರು.

ಅಷ್ಟು ಸಾಕಾಯಿತು ನನಗೆ. ಸುತ್ತಿದೆ. ಹಾರ್ಮೋನಿಯಂ ನಿಂತಾಗ ಬೇರೆಯವರು "ನೀವು ಕೂರಿ ಅಕ್ಕ," "ಇಲ್ಲಪ್ಪ, ನೀವು ದೊಡ್ಡವರು, ನೀವೇ ಕೂರಿ," ಎಂದು ಮರ್ಯಾದೆ ಮಾಡುತ್ತಿದ್ದರು. ನಾನು ಕೂತಿರುತ್ತಿದ್ದೆ! ಮದುವೆಯಾದ ಮೇಲೆ ನಾನು ಮಣೆಯ ಮೇಲೆ ಕೂತಿದ್ದೇನೆ, ಹೊಸ್ತಿಲ ಬಳಿ ಕೂತಿದ್ದೇನೆ, ಒರಳಿನ ಪಕ್ಕ ಕೂತಿದ್ದೇನೆ. ಇದ್ದ ಒಂದು ಕುರ್ಚಿ ನಮ್ಮವರದು. ಹೆಂಗಸು ಬೇಗ ಕೂತಳು ಎಂದು ಜನ ಚಪ್ಪಾಳೆ ತಟ್ಟುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಲೋಕದಲ್ಲಿ ಇದಕ್ಕಿಂತ ದೊಡ್ಡ ಆಟ ಇಲ್ಲ.

ಕೊನೆಗೆ ಉಳಿದವರು ನಾನು ಮತ್ತು ಗಿರಿಜಕ್ಕ. ಕುರ್ಚಿ ಒಂದು. ಅದರ ಪಕ್ಕದಲ್ಲಿ ದೀಪ.

ಹಾರ್ಮೋನಿಯಂ ಈ ಸಲ ಮೆಲ್ಲಗೆ, ತೊಟ್ಟಿಲು ತೂಗುವ ಹಾಗೆ ನುಡಿಯಿತು. ಕಾಲು ತಾನಾಗಿ ನಡೆಯುತ್ತಿತ್ತು. ಕಣ್ಣ ತುಂಬ ನೀಲಿ ಉರಿ. ಅದರ ಮೇಲೆ ಹಾಲು ಉಕ್ಕುತ್ತಿದೆ, ಅತ್ತೆ ಕಣ್ಣಲ್ಲಿ ನೀರಿಲ್ಲ, ಮನೆಯ ಗೋಡೆಗೆ ಸುಣ್ಣ ಬಳಿದಷ್ಟು ಬಿಳುಪು. ಹಾಗೆ ಸುತ್ತುತ್ತಿರುವಾಗ ದೀಪ ಕಂಡಿತು. ಬತ್ತಿ ಸುಟ್ಟು ಗಿಡ್ಡವಾಗಿತ್ತು. ಉರಿ ಚಟಪಟ ಅನ್ನುತ್ತ ಅಂಚಿಗೆ ಬಂದಿತ್ತು. ಇನ್ನೊಂದು ಗಳಿಗೆ, ಅಷ್ಟೆ.

ಇಷ್ಟು ಹೆಂಗಸರ ನಡುವೆ ಉರಿಯುವ ದೀಪವನ್ನು ಹಾಗೆ ಹೋಗಲು ಬಿಡುವುದುಂಟೆ? ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಸ್ಟವ್ ನೆನಪಾಗುತ್ತಿತ್ತು. ಬಗ್ಗಿ, ಬತ್ತಿ ಮುಂದೆ ಮಾಡಲು ಬೆರಳು ಹಾಕಿದೆ.

ಹಾರ್ಮೋನಿಯಂ ನಿಂತಿತು. ಗಿರಿಜಕ್ಕ ಕೂತಳು.

ಅದು ಹೋದರೂ ಸರಿ, ದೀಪ ಉಳಿಸಿದೆ ಎಂಬ ಪುಣ್ಯವಾದರೂ ಸಿಗುತ್ತದಲ್ಲ ಎಂದುಕೊಂಡೆ. ಸೋತರೂ ಎಂಥ ಭಕ್ತಿ ಎಂದು ನಾಲ್ಕು ಜನ ಅನ್ನಬಹುದು. ಆದರೆ ಅವಸರದ ಬೆರಳು. ಬತ್ತಿ ಮುಂದೆ ಬರುವ ಬದಲು ಹಿಂದಕ್ಕೆ ಜಾರಿ ಎಣ್ಣೆಯಲ್ಲಿ ಮುಳುಗಿತು. ದೀಪ ಶಾಂತವಾಯಿತು!

ಕುರ್ಚಿಯೂ ಹೋಯಿತು, ಸ್ಟವ್ವೂ ಹೋಯಿತು, ದೀಪವೂ ಹೋಯಿತು. ಮುತ್ತಮ್ಮನವರು ಬೆಂಕಿಪೆಟ್ಟಿಗೆ ಹುಡುಕುತ್ತ, "ಪೂವಮ್ಮ, ನೀವು ಸ್ವಲ್ಪ ದೂರ ನಿಲ್ಲಿ," ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು.

ಮನೆಗೆ ಬಂದು ಎಲ್ಲ ಹೇಳಿದೆ. ನಮ್ಮವರು ನಗು ತಡೆಯಲು ಕಿಟಕಿಯ ಹೊರಗೆ ನೋಡಿದರು. ಅತ್ತೆ ಕಣ್ಣೊರೆಸಿಕೊಂಡರು. ಹೊಗೆಗೋ, ನಗುವಿಗೋ, ನಾನು ಕೇಳಲಿಲ್ಲ.

"ಹೋಗಲಿ ಬಿಡು," ಎಂದರು ಅತ್ತೆ, "ಕೈ ಕಾಲು ನೆಟ್ಟಗೆ ಬಂತಲ್ಲ."

ಅತ್ತೆಯ ಬಾಯಿಂದ ಇಷ್ಟು ಬಂದದ್ದೂ ಸಣ್ಣ ಲಾಭವಲ್ಲ. ಲೆಕ್ಕಕ್ಕೆ ಹಿಡಿದೆ.

ಮರುದಿನ ಗಿರಿಜಕ್ಕ ಕರೆದಳು. ಗೆದ್ದರೂ ಜಂಬವಿಲ್ಲದ ಹೆಂಗಸು ಅವಳು. "ಅತ್ತೆಯನ್ನೂ ಕರ್ಕೊಂಡು ಬಾ. ಇನ್ನು ದಿನಾ ಅಡುಗೆ ಹೊತ್ತಿಗೆ ಅವರು ಇಲ್ಲೇ ಕೂರಲಿ, ನಮ್ಮಲ್ಲಿ ಹೊಗೆ ಇಲ್ಲವಲ್ಲ," ಎಂದಳು. ನನ್ನ ಎದೆ ತುಂಬಿ ಬಂತು. ಸ್ಟವ್ ನಮ್ಮ ಮನೆಗೆ ಬರದಿದ್ದರೇನು, ಅತ್ತೆ ಅದರ ಬಳಿಗೆ ಹೋದರಲ್ಲ! ಕಾವೇರಮ್ಮ ಸುತ್ತುಬಳಸಿನ ದಾರಿಯಲ್ಲಿ ಬಂದರೂ ಬಂದೇ ಬರುತ್ತಾಳೆ.

ಮೂವರೂ ಕೂತೆವು. ಗಿರಿಜಕ್ಕ ಪಂಪ್ ಹೊಡೆದಳು. ಬುಸ್ ಎಂದು ಆ ನೀಲಿ ಹೂವು ಅರಳಿತು. ಕಾಫಿಗೆ ನೀರು ಇಟ್ಟಳು. ಅತ್ತೆ ಕಣ್ಣು ದೊಡ್ಡದು ಮಾಡಿ ನೋಡುತ್ತಿದ್ದರು, ಒಂದು ಹನಿ ನೀರಿಲ್ಲ. ಆ ಶಬ್ದ ಕೇಳುತ್ತ ಕೇಳುತ್ತ ನಾನು ಬೇರೆ ಲೋಕಕ್ಕೇ ಹೋದೆ. ದೂರದಲ್ಲಿ ಹಾರಂಗಿ ಹೊಳೆ ತುಂಬಿ ಹರಿಯುವ ಸದ್ದಿನ ಹಾಗೆ. ಅಷ್ಟರಲ್ಲಿ ಉರಿ ಕೊಂಚ ತಗ್ಗಿದ ಹಾಗೆ ಕಂಡಿತು. ಪಕ್ಕದಲ್ಲಿ ಒಂದು ಪುಟ್ಟ ತಿರುಪು ಇತ್ತು, ನಮ್ಮ ಲಾಟೀನಿನ ಬತ್ತಿ ಏರಿಸುವ ತಿರುಪಿನ ಹಾಗೆಯೇ. ಕೈ ಚಾಚಿ ಸ್ವಲ್ಪ ತಿರುಗಿಸಿದೆ.

ಅದು ಗಾಳಿ ಬಿಡುವ ತಿರುಪಂತೆ.

ಪುಸ್ ಎಂದಿತು. ನೀಲಿ ಹೂವು ಮುದುಡಿತು. ಸ್ಟವ್ ಸೀಮೆಎಣ್ಣೆಯ ಹೊಗೆ ಕಕ್ಕಿತು, ನಮ್ಮ ಹಸಿ ಸೌದೆಯೂ ನಾಚಬೇಕು, ಅಷ್ಟು! ಅತ್ತೆಯ ಎರಡೂ ಕಣ್ಣಿಂದ ಧಾರೆ ಇಳಿಯಿತು. ಅವರು ಕೆಮ್ಮುತ್ತ ಹೊರಗೆ ಓಡಿದರು.

ಗಿರಿಜಕ್ಕ ಸ್ಟವ್ವನ್ನು ನನ್ನ ಕೈಗೆ ಎಟುಕದಷ್ಟು ದೂರ ಸರಿಸಿದಳು. "ಪೂವಮ್ಮ, ಬೇಜಾರು ಮಾಡ್ಬೇಡ. ಅತ್ತೆ ದಿನಾ ಬರಲಿ. ನೀನು ಮಾತ್ರ ಅವರನ್ನು ಬಾಗಿಲವರೆಗೆ ಬಿಟ್ಟು ಹೋಗು."

ಅಂಗಳದಿಂದ ಅತ್ತೆಯ ದನಿ ಬಂತು: "ಹಾಗೇ ಮಾಡು ಗಿರಿಜಾ, ನಿನಗೆ ಪುಣ್ಯ ಬರ್ತದೆ!"

ಅತ್ತೆಗೆ ಜಾಗ ಸಿಕ್ಕಿತು, ಅದಕ್ಕೆ ದೇವರಿಗೆ ಕೈ ಮುಗಿದೆ. ಮನೆಗೆ ಬಂದು, ಬೆಂಕಿಯ ಸಂಬಂಧವೇ ಇಲ್ಲದ ಕೆಲಸ ಯಾವುದಿದೆ ಎಂದು ಹುಡುಕಿದೆ. ಮೂಲೆಯಲ್ಲಿ ಕೆಸುವಿನ ಎಲೆ ಇತ್ತು. ನಾರು ತೆಗೆಯಲು ಕೂತೆ.